ನೆಲ ಸಿಗುವ ಮೊದಲೇ ಹಕ್ಕಿನ ಕಲ್ಲು

ನೆಲ ಇನ್ನೂ ಕಣ್ಣಿಗೇ ಬಿದ್ದಿಲ್ಲ, ಹಕ್ಕಿನ ಕಲ್ಲು ಮಾತ್ರ ರೆಡಿ! ಪೋರ್ಚುಗೀಸ್ ನಾವಿಕ ದಿಯೊಗೊ ಕಾವ್ ಸುಣ್ಣದಕಲ್ಲಿನ ಕಂಬಗಳನ್ನು ಹಡಗಿಗೆ ಹೇರಿಕೊಂಡೇ ಆಫ್ರಿಕಾ ಕಡೆ ಹೊರಟ.

ಒಂದನ್ನು 1486ರಲ್ಲಿ ಇಂದಿನ ನಮೀಬಿಯಾದ ಕೇಪ್ ಕ್ರಾಸ್‌ನಲ್ಲಿ ನೆಟ್ಟ. ಎತ್ತರ ಸುಮಾರು ಮೂರೂವರೆ ಮೀಟರ್. ತುದಿಯಲ್ಲಿ ಶಿಲುಬೆ, ಕೆಳಗೆ ರಾಜಲಾಂಛನ, ಲ್ಯಾಟಿನ್ ಮತ್ತು ಪೋರ್ಚುಗೀಸ್ ಬರಹ. ಅಲ್ಲಿನ ಜನ ಅದನ್ನು ಓದೋದು ಹೇಗೆ? ಅವರಿಗೆಂದು ಬರೆದದ್ದೇ ಅಲ್ಲ ಬಿಡಿ. ಹಿಂದೆ ಬರುವ ಬೇರೆ ಯುರೋಪಿಯನ್ನರಿಗೆ ಅದು ಎಚ್ಚರಿಕೆ.



1893ರಲ್ಲಿ, ಆಗ ಆ ನೆಲ ಆಳುತ್ತಿದ್ದ ಜರ್ಮನ್ನರು ಕಂಬವನ್ನೇ ಕಿತ್ತೊಯ್ದರು. ಕೊನೆಗೆ ಅದು ಬರ್ಲಿನ್ ಮ್ಯೂಸಿಯಂ ಸೇರಿತು. ನಮೀಬಿಯಾ ವಾಪಸ್ ಕೇಳಿತು. 2019ರಲ್ಲಿ ಮ್ಯೂಸಿಯಂ ಒಪ್ಪಿಕೊಂಡಿತು.