ಅಳಿದುಹೋಗಲೆಂದೇ ಬರೆದ ಚಿತ್ರ

ಕಾರಟಗಿಯಿಂದ ಹೊರಟು ಗಂಗಾವತಿಯನ್ನು ದಾಟಿ ಮುಂದೆ ಸಾಗಿದರೆ ಹಿರೇಬೆಣಕಲ್ಲಿನ ಬೆಟ್ಟಗಳು ಎದುರಾಗುತ್ತವೆ. ಬೃಹತ್ ಶಿಲಾಸಮಾಧಿಗಳಿಗೆ ಹೆಸರಾದ ಆ ನೆಲೆಯ ಬಂಡೆಗಳ ಮೇಲೆ ಪ್ರಾಚೀನ ಮಾನವನು ಕೆಂಪು ಬಣ್ಣದಲ್ಲಿ ಮನುಷ್ಯರನ್ನೂ ಮೃಗಗಳನ್ನೂ ಚಿತ್ರಿಸಿದ್ದಾನೆ. ಬರೆದವನ ಹೆಸರು ಅಳಿದಿದೆ, ಬಣ್ಣ ಉಳಿದಿದೆ.

ಬಯಲಿನಲ್ಲಿ ಹುಟ್ಟಿದ ಚಿತ್ರಕಲೆ ಕಾಲಕ್ರಮದಲ್ಲಿ ಗುಡಿಯ ಮಾಳಿಗೆಯನ್ನೇರಿತು, ಅರಮನೆಯನ್ನು ಸೇರಿತು, ಕೊನೆಗೆ ಚೌಕಟ್ಟಿನೊಳಗೆ ನಿಂತಿತು. ಅದನ್ನು ಮರಳಿ ಬೀದಿಗೆ ಕರೆತಂದ ಕನ್ನಡಿಗರಲ್ಲಿ ಮೈಸೂರಿನ ಶ್ರೀ ಬಾದಲ್ ನಂಜುಂಡಸ್ವಾಮಿಯವರು ಪ್ರಮುಖರು. ‘ಕಾವಾ’ ಎಂದು ಪ್ರಸಿದ್ಧವಾದ ಚಾಮರಾಜೇಂದ್ರ ಕಲಾಶಾಲೆಯಲ್ಲಿ ಅಭ್ಯಾಸ ಮಾಡಿದ ಅವರು, ಜಾಹೀರಾತು ಸಂಸ್ಥೆಯ ಉದ್ಯೋಗವನ್ನು ಬಿಟ್ಟು ಹಾದಿಬೀದಿಯನ್ನೇ ಚಿತ್ರಭಿತ್ತಿಯಾಗಿ ಆರಿಸಿಕೊಂಡರು.

2015ರ ಜೂನ್ ತಿಂಗಳು. ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ಸುಮಾರು 12 ಅಡಿ ಉದ್ದದ ಗುಂಡಿಯೊಂದು ನೀರು ತುಂಬಿ ನಿಂತಿತ್ತು. ನಂಜುಂಡಸ್ವಾಮಿಯವರು ಆ ನೀರಿಗೆ ಕೆರೆಯ ಬಣ್ಣವನ್ನು ಬಳಿದು, ಸುಮಾರು 20 ಕಿಲೋ ತೂಕದ ಕೃತಕ ಮೊಸಳೆಯೊಂದನ್ನು ಅದರಲ್ಲಿ ಇಳಿಬಿಟ್ಟರು. ತಗುಲಿದ ವೆಚ್ಚ ಸುಮಾರು 6000 ರೂಪಾಯಿ. ಊರೆಲ್ಲ ನಕ್ಕಿತು, ಅಧಿಕಾರಿಗಳು ಎಚ್ಚೆತ್ತರು, ಗುಂಡಿ ಮುಚ್ಚಿತು. ಮತ್ತೊಮ್ಮೆ, ಮುಚ್ಚಳವಿಲ್ಲದ ಚರಂಡಿಯ ಗುಣಿಯ ಸುತ್ತ ಯಮಧರ್ಮನ ಮುಖವನ್ನು ಬರೆದರು. ತೆರೆದ ಗುಣಿಯೇ ಯಮನ ಬಾಯಿಯಾಯಿತು!

2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ–2ರ ನೌಕೆ ಚಂದ್ರನ ಮೇಲೆ ಇಳಿಯುವುದನ್ನು ದೇಶವೇ ಕಾಯುತ್ತಿದ್ದಾಗ, ಹೇರೋಹಳ್ಳಿಯ ರಸ್ತೆಯಲ್ಲಿ ನಟ ಪೂರ್ಣಚಂದ್ರ ಮೈಸೂರು ಅವರು ಗಗನಯಾತ್ರಿಯ ವೇಷದಲ್ಲಿ ನಿಧಾನವಾಗಿ ಹೆಜ್ಜೆ ಹಾಕಿದರು. ರಾತ್ರಿಯ ಮಂದಬೆಳಕಿನಲ್ಲಿ ತೆಗೆದ ಆ ಕಿರುಚಿತ್ರವನ್ನು ಕಂಡವರು ಚಂದ್ರಲೋಕವೆಂದೇ ಭ್ರಮಿಸಿದರು. ಅಷ್ಟರಲ್ಲಿ ಪಕ್ಕದಲ್ಲಿ ಆಟೊರಿಕ್ಷಾ ಒಂದು ಹಾದುಹೋಯಿತು; ಭ್ರಮೆ ಹರಿಯಿತು. ಆ ರಸ್ತೆಗೂ ಬೇಗನೆ ದುರಸ್ತಿಯ ಭಾಗ್ಯ ಒದಗಿತು.

ಇದು ಕಲೆಯೋ ಬರಿಯ ಕುಚೇಷ್ಟೆಯೋ ಎಂದು ಕೇಳುವವರುಂಟು. ಊರಿನ ಮಾನವನ್ನು ಬೀದಿಗೆ ತಂದರೆಂದು ಮುನಿಯುವವರೂ ಇರಬಹುದು. ಆದರೆ ಗುಂಡಿಯನ್ನು ತೋಡಿದವರು ಕಲಾವಿದರಲ್ಲವಷ್ಟೆ! ದಿನವೂ ಅದನ್ನು ಬಳಸಿ ನಡೆಯುತ್ತ ನಮ್ಮ ಕಣ್ಣು ಒಗ್ಗಿಹೋಗಿರುತ್ತದೆ. ಒಗ್ಗಿದ ಕಣ್ಣಿಗೆ ಮತ್ತೆ ಕಾಣುವಂತೆ ಮಾಡುವುದೇ ಚಿತ್ರಕಾರನ ಕೆಲಸ. ಅರ್ಜಿ ಬರೆದರೆ ಅದು ಕಡತ ಸೇರುತ್ತದೆ. ಮೊಸಳೆಯನ್ನು ಬಿಟ್ಟರೆ ಜನ ಸೇರುತ್ತಾರೆ. ಚಿತ್ರಶಾಲೆಯ ಮೆಟ್ಟಿಲನ್ನೇ ತುಳಿಯದ ತರಕಾರಿ ಮಾರುವವನೂ ಶಾಲೆಗೆ ಹೊರಟ ಬಾಲಕನೂ ಅಲ್ಲಿ ನಿಂತು ನೋಡುತ್ತಾರೆ. ನೋಡುವುದನ್ನು ಕಲಿಸುವ ಇಂಥ ಪಾಠಶಾಲೆಗೆ ಶುಲ್ಕವಿಲ್ಲ, ಬಾಗಿಲೂ ಇಲ್ಲ.

ಸಾಮಾನ್ಯವಾಗಿ ಕಲಾವಿದನು ತನ್ನ ಕೃತಿ ಚಿರಕಾಲ ಬಾಳಲೆಂದು ಬಯಸುತ್ತಾನೆ. ನಂಜುಂಡಸ್ವಾಮಿಯವರ ಕೃತಿಗಳ ಬಗೆಯೇ ಬೇರೆ. ರಸ್ತೆ ಸರಿಹೋದ ದಿನ ಚಿತ್ರ ಅಳಿಯಬೇಕು. ಅಳಿದರೆ ಮಾತ್ರ ಅದು ಗೆದ್ದಂತೆ. ಇದು ನಮಗೆ ತೀರ ಹೊಸದೇನೂ ಅಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ಮುಂಜಾನೆ ಬಾಗಿಲ ಮುಂದೆ ಇಟ್ಟ ರಂಗೋಲಿ ಸಂಜೆಯ ವೇಳೆಗೆ ದಾರಿಹೋಕರ ಕಾಲಡಿಯಲ್ಲಿ ಮಾಸುತ್ತದೆ. ಮಾಸಿತೆಂದು ಮರುದಿನ ಯಾರೂ ಇಡದೆ ಬಿಡುವುದಿಲ್ಲ.