ಕೆಟ್ಟುಹೋದ ವಿಡಿಯೋ ಕ್ಯಾಮೆರಾ: ರಿಪೇರಿಯೋ, ಗುಜರಿಯೋ?

ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಒಂದು ಕಪ್ಪು ಚೀಲವಿರುತ್ತದೆ. ಗಲ್ಫ್‌ನಿಂದ ರಜೆಗೆ ಬಂದ ಮಗನೋ ಅಳಿಯನೋ ತಂದ ವಿಡಿಯೋ ಕ್ಯಾಮೆರಾ ಅದರೊಳಗಿದೆ. ಜ್ಞಾನಸ್ನಾನ, ರೋಸ್, ಮದುವೆ, ತೆನೆಹಬ್ಬ ಎಲ್ಲವನ್ನೂ ಕಂಡ ಕ್ಯಾಮೆರಾ. ಈಗ ಸ್ವಿಚ್ ಒತ್ತಿದರೆ ಜೀವವಿಲ್ಲ. "ಫಾದರ್, ಇದನ್ನು ರಿಪೇರಿ ಮಾಡಿಸುವುದಾ, ಗುಜರಿಗೆ ಕೊಡುವುದಾ?" ಎಂದು ಮನೆಭೇಟಿಯ ವೇಳೆ ನಮ್ಮನ್ನು ಕೇಳುವವರಿದ್ದಾರೆ.

ಹೊಸದಾಗಿ ಚಿತ್ರ ತೆಗೆಯಲಿಕ್ಕೆಂದಾದರೆ ರಿಪೇರಿ ಬೇಡ. ಕೈಯಲ್ಲಿರುವ ಮೊಬೈಲೇ ಸಾಕು. ಆದರೆ ಚೀಲದಲ್ಲಿ ಕ್ಯಾಸೆಟ್‌ಗಳೂ ಇವೆಯೇ? ಇದ್ದರೆ ವಿಷಯ ಬೇರೆ. ತೀರಿಕೊಂಡ ಅಜ್ಜಿಯ ಫೋಟೋ ಗೋಡೆಯ ಮೇಲಿರಬಹುದು. ಅವರು ಮೊಮ್ಮಗನನ್ನು ಕರೆಯುತ್ತಿದ್ದ ಸ್ವರ ಆ ಕ್ಯಾಸೆಟಿನಲ್ಲಿ ಮಾತ್ರ ಇದೆ. ಅದನ್ನು ಓಡಿಸುವ ಯಂತ್ರ ಇದೇ ಕೆಟ್ಟ ಕ್ಯಾಮೆರಾ. 1989ರ ಹೈ8 ಆಗಲಿ, 1995ರಲ್ಲಿ ಬಂದ ಮಿನಿ ಡಿವಿ ಆಗಲಿ, ಅಂಗಡಿಯಲ್ಲಿ ಹೊಸತು ಸಿಗದು. ಒಂದರ ಕ್ಯಾಸೆಟ್ ಇನ್ನೊಂದರೊಳಗೆ ಹೋಗುವುದೂ ಇಲ್ಲ.

ಅಂಗಡಿಗೆ ಒಯ್ಯುವ ಮೊದಲು ಮನೆಯಲ್ಲೇ ನೋಡಬಹುದಾದದ್ದಿದೆ. ವರ್ಷಗಟ್ಟಲೆ ಚಾರ್ಜ್ ಮಾಡದೆ ಇಟ್ಟ ಬ್ಯಾಟರಿ ಸತ್ತಿರುವುದೇ ಹೆಚ್ಚು; ಅಡಾಪ್ಟರ್ ಹಾಕಿ ನೇರ ಕರೆಂಟಿನಲ್ಲಿ ನಡೆಸಿ ನೋಡಿ. ಮಳೆಗಾಲದಲ್ಲಿ ತೇವದ ಎಚ್ಚರಿಕೆ ತೋರಿಸಿ ನಿಂತರೆ ಅದು ಕೆಟ್ಟದ್ದಲ್ಲ. ಕ್ಯಾಸೆಟ್ ತೆಗೆದು, ಮುಚ್ಚಳ ತೆರೆದು ಒಂದೆರಡು ಗಂಟೆ ಒಣ ಜಾಗದಲ್ಲಿಡಿ. ಬಿಸಿಲಿಗಿಡುವ, ಒಲೆಯ ಮೇಲೆ ಹಿಡಿಯುವ ವೈದ್ಯ ಬೇಡ! ಇನ್ನು ಕೆಲವು ಕ್ಯಾಮೆರಾಗಳು ಚಿತ್ರ ತೆಗೆಯುವಾಗ ಬರೇ ಕಪ್ಪು ತೋರಿಸುತ್ತವೆ. 2000ದ ದಶಕದ ಆರಂಭದ ಹಲವು ಮಾದರಿಗಳಲ್ಲಿ ಚಿತ್ರ ಹಿಡಿಯುವ ಸಿಸಿಡಿ ಚಿಪ್ ಸೆಕೆ, ತೇವಕ್ಕೆ ಕೆಡುತ್ತದೆಂದು 2005ರಲ್ಲಿ ತಯಾರಕರೇ ಒಪ್ಪಿಕೊಂಡಿದ್ದರು. ಅಂಥ ಕ್ಯಾಮೆರಾ ಹಳೆಯ ಕ್ಯಾಸೆಟನ್ನು ಚೆನ್ನಾಗಿಯೇ ಓಡಿಸಬಹುದು. ಕೆಟ್ಟಿತೆಂದು ಬಿಸಾಡಿದರೆ ನಷ್ಟ.

ಪರೀಕ್ಷೆಗೆ ಮದುವೆಯ ಕ್ಯಾಸೆಟ್ ಹಾಕಲೇಬೇಡಿ. ಒಳಗಿನ ರಬ್ಬರ್ ಚಕ್ರ ಗಟ್ಟಿಯಾಗಿದ್ದರೆ ಟೇಪು ಸುತ್ತಿಕೊಂಡು ಸುಕ್ಕಾಗುತ್ತದೆ. ಬೇಡದ ಕ್ಯಾಸೆಟ್ ಒಂದನ್ನು ಹಾಕಿ ನೋಡಿ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು, ನಮ್ಮ ಊರಿನ ಮಳೆಯ ಕೊಡುಗೆ. ಅದನ್ನು ಶುಚಿ ಮಾಡಿಸದೆ ಓಡಿಸಿದರೆ ಕ್ಯಾಮೆರಾಕ್ಕೂ ಉಳಿದ ಕ್ಯಾಸೆಟ್‌ಗಳಿಗೂ ಅಂಟುತ್ತದೆ.

ರಿಪೇರಿಯವರಲ್ಲಿ, "ರೆಕಾರ್ಡಿಂಗ್ ಬೇಡ, ಪ್ಲೇ ಆದರೆ ಸಾಕು" ಎಂದು ಮೊದಲೇ ಹೇಳಿ. ಹೆಡ್ ಶುಚಿ ಮಾಡುವುದು, ಬೆಲ್ಟ್ ಅಥವಾ ರಬ್ಬರ್ ಬದಲಿಸುವುದು ಮಾಡಿಸಬಹುದಾದ ಕೆಲಸ. ತಿರುಗುವ ಹೆಡ್ಡೇ ಸವೆದಿದ್ದರೆ ಅದರ ಬಿಡಿಭಾಗ ಇನ್ನೊಂದು ಸತ್ತ ಕ್ಯಾಮೆರಾದಿಂದಲೇ ಬರಬೇಕು. ಅದಕ್ಕೆ ದುಡ್ಡು ಸುರಿಯುವುದಕ್ಕಿಂತ ನೆಂಟರಿಷ್ಟರಲ್ಲಿ, ವಾರ್ಡಿನವರಲ್ಲಿ ಅದೇ ಜಾತಿಯ ನಡೆಯುವ ಕ್ಯಾಮೆರಾ ಇದೆಯೇ ಎಂದು ವಿಚಾರಿಸುವುದು ಮೇಲು. ನಮಗೆ ಬೇಕಾದದ್ದು ಒಂದು ವಾರದ ಸೇವೆ ಮಾತ್ರ, ಟೇಪಿನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸುವಷ್ಟು ಹೊತ್ತು.

ಈ ಕೆಲಸಕ್ಕೆ ಅವಸರವಿಲ್ಲ. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು. ಮಿನಿ ಡಿವಿ ಆದರೆ ಗಂಟೆಗೆ ಸುಮಾರು 13 ಜಿಬಿ ಜಾಗ. ಅದಕ್ಕೆ ಬೇಕಾದ ಫೈರ್‌ವೈರ್ ಕಿಂಡಿ ಇಂದಿನ ಲ್ಯಾಪ್‌ಟಾಪ್‌ಗಳಲ್ಲಿಲ್ಲ, ಹಳೆಯ ಕಂಪ್ಯೂಟರ್ ಹುಡುಕಬೇಕು. ಆಟಿಯ ಮಳೆಯಲ್ಲಿ ಬೇಡ, ಡಿಸೆಂಬರಿನಿಂದ ಮಾರ್ಚಿನೊಳಗೆ ಮಾಡಿ. ಎರಡು ಪ್ರತಿ ತೆಗೆದು ಎರಡು ಮನೆಗಳಲ್ಲಿಡಿ.

ಟೇಪು ಓಡುವಾಗ ಮನೆಯ ಹಿರಿಯರೊಬ್ಬರನ್ನು ಹತ್ತಿರ ಕೂರಿಸಿಕೊಳ್ಳಿ, ಒಂದು ನೋಟ್ ಪುಸ್ತಕವೂ ಇರಲಿ. ಚಪ್ಪರದಲ್ಲಿ ನಿಂತವರಲ್ಲಿ ಅರ್ಧದಷ್ಟು ಜನ ಯಾರೆಂದು ಈಗಿನ ಮಕ್ಕಳಿಗೆ ತಿಳಿಯದು. ಹೆಸರು ಬರೆದ ಹಾಳೆಯನ್ನು ಪ್ರತಿಯ ಜೊತೆಗೇ ಇಡಿ.