ನಿಸ್ತಂತು ಜಾಲ: ದೋಷಶೋಧನೆಯ ಕ್ರಮ

ತಂತಿಯ ಹಂಗಿಲ್ಲದೆ ವಾರ್ತೆಯನ್ನು ಸಾಗಿಸುವ ವಿದ್ಯೆಗೆ ನಮ್ಮ ಭಾಷೆಯಲ್ಲಿ ‘ನಿಸ್ತಂತು’ ಎಂಬ ಅಚ್ಚುಕಟ್ಟಾದ ಪದವುಂಟು. ಲೋಕವು ಮಾತ್ರ ಅದನ್ನು ‘ವೈಫೈ’ ಎಂದೇ ಕರೆಯುತ್ತದೆ. ಈ ವಿದ್ಯೆಯ ಮೊದಲ ತಾಂತ್ರಿಕ ನಿಯಮಾವಳಿ ಪ್ರಕಟವಾದುದು 1997ರಲ್ಲಿ. ವೈಫೈ ಎಂಬ ನಾಮಕರಣವಾದುದು 1999ರಲ್ಲಿ. ಅಂದು ಮಹಾನಗರಗಳ ಕಛೇರಿಗಳಿಗೆ ಮಾತ್ರ ಸಲ್ಲುತ್ತಿದ್ದ ಈ ಸಾಧನವು ಇಂದು ಹನೂರು ತಾಲ್ಲೂಕಿನ ಮಾರ್ಟಳ್ಳಿಯಂತಹ ಊರಿನ ಅಂಗಡಿಯ ಮೇಜಿನ ಮೇಲೂ ಬಂದು ಕುಳಿತಿದೆ. ನಮ್ಮ ಶಾಲೆಯಲ್ಲಿ ಕಲಿತು ಇಂತಹ ಅಂಗಡಿಗಳನ್ನು ನಡೆಸುತ್ತಿರುವವರಿಗೂ, ಶಾಲಾ ಕಛೇರಿಗಳಲ್ಲಿ ಈ ಯಂತ್ರದೊಡನೆ ದಿನವೂ ಹೆಣಗುವ ಉಪಾಧ್ಯಾಯ ಬಂಧುಗಳಿಗೂ ಉಪಯೋಗವಾದೀತೆಂದು ಈ ಲೇಖನವನ್ನು ಸಿದ್ಧಪಡಿಸಿದೆ.

ಮಾರ್ಟಳ್ಳಿಯು ಮಲೆ ಮಹದೇಶ್ವರ ಬೆಟ್ಟಸಾಲಿನ ಆಸುಪಾಸಿನಲ್ಲಿ, ತಮಿಳುನಾಡಿನ ಗಡಿಗೆ ಸಮೀಪವಾಗಿ, ಕನ್ನಡ ತಮಿಳುಗಳೆರಡೂ ಕಿವಿಗೆ ಬೀಳುವ ಊರು. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಆಡಳಿತಕ್ಕೊಳಪಟ್ಟ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದ ಮೇಲೆಯೂ ತಾಲ್ಲೂಕು ಕಛೇರಿಯ ಸಣ್ಣ ಕಾಗದವೊಂದಕ್ಕೆ ಈ ಭಾಗದವರು ಕೊಳ್ಳೇಗಾಲದವರೆಗೆ ಹೋಗಬೇಕಾಗಿತ್ತು. 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಹನೂರೂ ಒಂದಾದುದರಿಂದ ಆ ದೂರ ತಗ್ಗಿತು. ಈಗ ಪಹಣಿಯ ಪ್ರತಿ, ಆದಾಯ ಪ್ರಮಾಣಪತ್ರದ ಅರ್ಜಿ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ಇವೆಲ್ಲ ಊರಿನ ಅಂಗಡಿಯಲ್ಲಿಯೇ ಆಗತಕ್ಕವು. ಆದರೆ ಯಂತ್ರವು ‘ಸಂಪರ್ಕವಿಲ್ಲ’ ಎಂದೊಡನೆ, ಕಾಡಂಚಿನ ದೊಡ್ಡಿಯಿಂದ ನಡೆದು ಬಂದವನಿಗೆ ಒಂದು ದಿನದ ಕೂಲಿ ನಷ್ಟವಾಗುತ್ತದೆ. ಅರ್ಜಿಗೆ ಅದೇ ಕಡೆಯ ದಿನವಾಗಿದ್ದರೆ ಮಗುವಿನ ಒಂದು ವರ್ಷದ ವೇತನವೇ ಹೋಗುತ್ತದೆ. ‘ನೆಟ್ ಇಲ್ಲ, ನಾಳೆ ಬನ್ನಿ’ ಎನ್ನುವುದು ಸುಲಭ. ಹತ್ತು ನಿಮಿಷ ಕ್ರಮವರಿತು ಪರೀಕ್ಷಿಸಿದರೆ ಅನೇಕ ವೇಳೆ ಆ ಮಾತನ್ನು ಆಡಬೇಕಾಗಿಯೇ ಬರುವುದಿಲ್ಲ.

ಕ್ರಮವೆಂದರೇನು? ಪದಚ್ಛೇದ ಮಾಡದೆ ಪದ್ಯಕ್ಕೆ ಅರ್ಥ ಹೇಳಹೊರಡುವ ವಿದ್ಯಾರ್ಥಿಯನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ನೆಟ್ ಹೋಯಿತೆಂದು ಕೂಡಲೇ ಎಲ್ಲ ಗುಂಡಿಗಳನ್ನೂ ಒತ್ತುವವನು ಅವನ ಸಹೋದರನೇ ಸರಿ. ‘ವೈಫೈ’ ಎಂದು ನಾವು ಒಂದೇ ಉಸಿರಿಗೆ ಹೇಳುವುದು ವಸ್ತುತಃ ಒಂದು ಸಮಸ್ತಪದ. ಅದನ್ನು ಬಿಡಿಸಿದರೆ ಮೂರು ಭಾಗಗಳು ಕಾಣುತ್ತವೆ. ಹೊರಗಿನಿಂದ ಅಂಗಡಿಯವರೆಗೆ ಬರುವ ಗಾಜಿನ ಎಳೆ, ಅಂದರೆ ಫೈಬರ್ ಕೇಬಲ್, ಮೊದಲನೆಯದು. ಆ ಎಳೆಯ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ಹಂಚುವ ಪೆಟ್ಟಿಗೆ, ಅಂದರೆ ಮೋಡೆಮ್ ಮತ್ತು ರೌಟರ್, ಎರಡನೆಯದು. ಹಲವೆಡೆ ಇವೆರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ರೌಟರಿನಿಂದ ನಮ್ಮ ಕಂಪ್ಯೂಟರು ಅಥವಾ ಮೊಬೈಲಿನವರೆಗಿನ ಗಾಳಿಯ ದಾರಿ ಮೂರನೆಯದು. ಇವುಗಳಲ್ಲಿ ನಿಜವಾಗಿ ನಿಸ್ತಂತುವಾದುದು ಕಡೆಯ ಹತ್ತಿಪ್ಪತ್ತು ಅಡಿ ಮಾತ್ರ. ಮೊಬೈಲಿನಲ್ಲಿ ಕಾಣುವ ಬೀಸಣಿಗೆಯಾಕಾರದ ಚಿಹ್ನೆಯು ಈ ಕಡೆಯ ಭಾಗದ ಬಲವನ್ನಷ್ಟೇ ತಿಳಿಸುತ್ತದೆ. ‘ವೈಫೈ ಪೂರ್ತಿ ಇದೆ, ಆದರೂ ನೆಟ್ ಇಲ್ಲ’ ಎಂಬ ಒಗಟಿಗೆ ಉತ್ತರ ಇಲ್ಲಿಯೇ ಇದೆ: ಬಾವಿಯಲ್ಲಿ ನೀರಿಲ್ಲದಿದ್ದರೆ ಹಗ್ಗ ಎಷ್ಟು ಗಟ್ಟಿಯಾಗಿದ್ದು ಏನು ಫಲ?

ಆದಕಾರಣ ಪ್ರಥಮತಃ ದೀಪಗಳನ್ನು ನೋಡತಕ್ಕದ್ದು. ಫೈಬರ್ ಬಂದು ಸೇರುವ ಪೆಟ್ಟಿಗೆಯ ಮೇಲೆ ‘ಪಾನ್’ ಮತ್ತು ‘ಲಾಸ್’ ಎಂದು ಓದಬಹುದಾದ, ಮೂರು ಮೂರು ಇಂಗ್ಲಿಷ್ ಅಕ್ಷರಗಳ ಎರಡು ದೀಪಗಳು ಸಾಮಾನ್ಯವಾಗಿ ಇರುತ್ತವೆ. ‘ಪಾನ್’ ಹಸಿರಾಗಿ ನಿಶ್ಚಲವಾಗಿದ್ದರೆ ಎಳೆಯಲ್ಲಿ ಬೆಳಕು ಬರುತ್ತಿದೆ. ‘ಲಾಸ್’ ಕೆಂಪಗೆ ಮಿನುಗಿದರೆ ಬೆಳಕೇ ಬರುತ್ತಿಲ್ಲ. ಎಳೆಯು ಅಂಗಡಿಯೊಳಗೆ ಎಲ್ಲಿಯಾದರೂ ಮೊಳೆಗೆ ಸಿಕ್ಕಿ ಮುರಿದಂತೆ ಬಾಗಿದೆಯೇ, ಪೆಟ್ಟಿಗೆಯ ತುದಿಯಲ್ಲಿ ಸಡಿಲವಾಗಿದೆಯೇ ಎಂದು ನೋಡಬಹುದು. ಅವೆರಡೂ ಇಲ್ಲದಿದ್ದರೆ ದೋಷವು ಹೊರಗಿನದು: ಕೊಂಬೆ ಬಿದ್ದಿರಬಹುದು, ರಸ್ತೆಯ ಕೆಲಸದಲ್ಲಿ ಎಳೆ ಕಡಿದಿರಬಹುದು. ಆಗ ಅಂಗಡಿಯವನು ಮಾಡಬೇಕಾದುದು ದೂರು ದಾಖಲಿಸುವುದೊಂದೇ. ಒಂದೆಚ್ಚರಿಕೆ: ಬಿಚ್ಚಿದ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ‘ಬೆಳಕು ಬರುತ್ತಿದೆಯೇ’ ಎಂದು ಎಂದಿಗೂ ನೋಡಕೂಡದು. ಅದರಲ್ಲಿ ಹರಿಯುವುದು ಕಣ್ಣಿಗೆ ಗೋಚರಿಸದ ಲೇಸರ್ ಕಿರಣ. ಕಾಣದಿದ್ದರೂ ಕಣ್ಣನ್ನು ಕೆಡಿಸಬಲ್ಲುದು.

ದೀಪಗಳು ಸರಿಯಾಗಿದ್ದು ನೆಟ್ ಮಾತ್ರ ಇಲ್ಲವೆಂದರೆ ಎರಡನೆಯ ಪರೀಕ್ಷೆ. ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಬೇಕೆಂದು ನನ್ನ ಅಭಿಪ್ರಾಯ. ಒಂದು ಕಂಪ್ಯೂಟರನ್ನು ಲ್ಯಾನ್ ಕೇಬಲ್ಲಿನಿಂದ ನೇರವಾಗಿ ರೌಟರಿಗೆ ಜೋಡಿಸಬೇಕು. ತಂತಿಯ ಮೂಲಕ ನೆಟ್ ಬಂದರೆ ದೋಷವು ಗಾಳಿಯ ದಾರಿಯಲ್ಲಿದೆ. ತಂತಿಯಲ್ಲಿಯೂ ಬಾರದಿದ್ದರೆ ರೌಟರಿನಲ್ಲಿ ಅಥವಾ ಅದರ ಹಿಂದಿನ ದಾರಿಯಲ್ಲಿದೆ. ನೂರಿನ್ನೂರು ರೂಪಾಯಿಯ ಈ ತುಂಡು ಕೇಬಲ್ ಪ್ರತಿ ಅಂಗಡಿಯ ಡ್ರಾಯರಿನಲ್ಲಿಯೂ ಇರತಕ್ಕದ್ದು.

ಗಾಳಿಯ ದಾರಿಯ ದೋಷಗಳಲ್ಲಿ ಬಹುಪಾಲು ರೌಟರನ್ನು ಇಟ್ಟ ಸ್ಥಳದಿಂದ ಬರುವಂಥವು. ಕಳ್ಳರ ಭಯದಿಂದ ಅದನ್ನು ಕಬ್ಬಿಣದ ಬೀರುವಿನೊಳಗಿಡುವವರುಂಟು. ತಗಡಿನ ಗೋಡೆಯ ಆಚೆ ಇಡುವವರುಂಟು. ಲೋಹವು ಈ ತರಂಗಗಳನ್ನು ಹಿಂದಿರುಗಿಸುತ್ತದೆ. ನೀರು ಅವುಗಳನ್ನು ಹೀರುತ್ತದೆ. ದಪ್ಪ ಕಲ್ಲುಗೋಡೆ ಅವುಗಳನ್ನು ಬಳಲಿಸುತ್ತದೆ. ಎತ್ತರದಲ್ಲಿ, ತೆರೆದ ಜಾಗದಲ್ಲಿ, ಅಂಗಡಿಯ ನಡುಭಾಗದಲ್ಲಿ ಇಟ್ಟರೆ ಅರ್ಧ ಕೆಲಸ ಆದಂತೆಯೇ. ಇಂದಿನ ರೌಟರುಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ಐದರದು ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಮೊದಲನೆಯದು ನಿಧಾನವಾದರೂ ದೂರ ಹೋಗುತ್ತದೆ. ರೌಟರಿನ ಪಕ್ಕದಲ್ಲಿರುವ ಕಂಪ್ಯೂಟರಿಗೆ ಐದನ್ನೂ, ಹಿಂಗೋಣೆಯ ಪ್ರಿಂಟರಿಗೆ 2.4ನ್ನೂ ಕೊಡುವುದು ಯುಕ್ತ.

2.4ರ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಲು ಕೇಂದ್ರ ಸರ್ಕಾರದ 2005ರ ನಿಯಮಗಳು ಅವಕಾಶವಿತ್ತವು. ಎಲ್ಲರಿಗೂ ಬಿಟ್ಟ ಗೋಮಾಳದಂತೆ ಅಲ್ಲಿ ಈಗ ನೂಕುನುಗ್ಗಲು. ಅಕ್ಕಪಕ್ಕದ ಅಂಗಡಿಗಳ ರೌಟರುಗಳು ಒಂದೇ ಚಾನೆಲ್ಲಿನಲ್ಲಿದ್ದರೆ ಒಬ್ಬರು ಮಾತು ಮುಗಿಸುವವರೆಗೆ ಮತ್ತೊಬ್ಬರು ಕಾಯಬೇಕು. ಈ ಪಟ್ಟಿಯ ಚಾನೆಲ್ಲುಗಳಲ್ಲಿ 1, 6 ಮತ್ತು 11 ಈ ಮೂರು ಪರಸ್ಪರ ಬೆರೆಯುವುದಿಲ್ಲ. ನೆರೆಯವರೊಡನೆ ಮಾತಾಡಿ ಒಬ್ಬೊಬ್ಬರು ಒಂದೊಂದನ್ನು ಹಂಚಿಕೊಂಡರೆ ಜಗಳವಿಲ್ಲ. ಪಕ್ಕದ ಬೇಕರಿಯಲ್ಲಿ ಮೈಕ್ರೋವೇವ್ ಒಲೆಯಿದ್ದರೆ ಅದೂ ಹೆಚ್ಚುಕಡಮೆ ಇದೇ ಪಟ್ಟಿಯಲ್ಲಿ ಸದ್ದು ಮಾಡುತ್ತದೆಂಬುದನ್ನು ಮರೆಯಬಾರದು.

ಇನ್ನು ವಿಳಾಸದ ವಿಚಾರ. ರೌಟರು ತನ್ನ ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ಅಂಕೆಯ ವಿಳಾಸವನ್ನು ಕೊಡುತ್ತದೆ. ಅದು ಬಹುಶಃ 192.168 ಎಂದು ಮೊದಲಾಗುತ್ತದೆ. ಕಂಪ್ಯೂಟರಿನಲ್ಲಿ ಅದರ ಬದಲು 169.254 ಎಂದು ಮೊದಲಾಗುವ ವಿಳಾಸ ಕಂಡರೆ, ರೌಟರಿನಿಂದ ಏನೂ ದೊರೆಯದೆ ಯಂತ್ರವು ತಾನೇ ಒಂದನ್ನು ಕಲ್ಪಿಸಿಕೊಂಡಿದೆಯೆಂದು ತಾತ್ಪರ್ಯ. ಆಗ ಎಲ್ಲವನ್ನೂ ಆರಿಸಿ ಕ್ರಮವಾಗಿ ಹೊತ್ತಿಸಬೇಕು: ಮೊದಲು ಫೈಬರ್ ಪೆಟ್ಟಿಗೆ, ಎರಡು ಮೂರು ನಿಮಿಷದ ನಂತರ ರೌಟರು, ಕಡೆಗೆ ಕಂಪ್ಯೂಟರು. ಪ್ರಿಂಟರಿಗೆ ಯಾರೋ ಕೈಯಿಂದ ಬರೆದಿಟ್ಟ ವಿಳಾಸವನ್ನೇ ರೌಟರು ಇನ್ನೊಂದು ಯಂತ್ರಕ್ಕೆ ಕೊಟ್ಟರೆ ಎರಡೂ ತಡವರಿಸುತ್ತವೆ. ಎಲ್ಲವೂ ಸರಿಯಿದ್ದು ತಾಣಗಳ ಹೆಸರುಗಳು ಮಾತ್ರ ತೆರೆಯದಿದ್ದರೆ, ಹೆಸರಿನಿಂದ ಅಂಕೆಯನ್ನು ಹುಡುಕಿಕೊಡುವ ‘ಡಿಎನ್ಎಸ್’ ಎಂಬ ನಿಘಂಟು ಕೈಕೊಟ್ಟಿದೆ. ರೌಟರಿನಲ್ಲಿ 8.8.8.8 ಎಂಬ ಸಾರ್ವಜನಿಕ ನಿಘಂಟಿನ ವಿಳಾಸವನ್ನು ನಮೂದಿಸಿ ನೋಡಬಹುದು.

ಪದೇ ಪದೇ ವಿದ್ಯುತ್ ಹೋಗುವ ಸೀಮೆಗಳಿಗೆ ವಿಶೇಷವಾದ ದೋಷವೊಂದುಂಟು. ಪಟ್ಟಣದವರು ಬರೆದ ಕೈಪಿಡಿಗಳಲ್ಲಿ ಅದಕ್ಕೆ ಸ್ಥಾನ ಕಡಿಮೆ. ಹಳೆಯ ಕಂಪ್ಯೂಟರಿನೊಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ, ವಿದ್ಯುತ್ ಹೋಗಿ ಬಂದಾಗ ಅದರ ಗಡಿಯಾರವು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಸರ್ಕಾರದ ಮತ್ತು ಬ್ಯಾಂಕಿನ ತಾಣಗಳು ತಮ್ಮ ಸಾಚಾತನದ ಪತ್ರವನ್ನು ದಿನಾಂಕದೊಡನೆ ತೋರಿಸುತ್ತವೆ. ಕಂಪ್ಯೂಟರಿನ ದಿನಾಂಕವೇ ತಪ್ಪಾಗಿದ್ದರೆ ಪತ್ರವು ಸಿಂಧುವಲ್ಲವೆಂದು ಅದು ಬಾಗಿಲು ಮುಚ್ಚುತ್ತದೆ. ‘ನೆಟ್ ಕೆಟ್ಟಿದೆ’ ಎಂದು ಕಂಪನಿಯನ್ನು ಶಪಿಸುವ ಮುನ್ನ ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ಒಮ್ಮೆ ಓದಬೇಕು. ಬ್ಯಾಟರಿಯ ಬೆಲೆ ಅತ್ಯಲ್ಪ. ಹಾಗೆಯೇ ವೋಲ್ಟೇಜಿನ ಏರಿಳಿತದಲ್ಲಿ ದುರ್ಬಲವಾದ ಅಡಾಪ್ಟರು ರೌಟರನ್ನು ಮತ್ತೆ ಮತ್ತೆ ಆರಿಸಿ ಹೊತ್ತಿಸುತ್ತದೆ. ರೌಟರಿಗೆಂದೇ ದೊರೆಯುವ ಸಣ್ಣ ಯುಪಿಎಸ್ ಇದಕ್ಕೆ ತಕ್ಕ ಪರಿಹಾರ.

ಅಂಗಡಿಯ ಪಾಸ್‌ವರ್ಡನ್ನು ಗೋಡೆಗೆ ಅಂಟಿಸುವ ಔದಾರ್ಯವನ್ನು ನಾನು ಮೆಚ್ಚಲಾರೆ. ಹೊರಗೆ ಜಗಲಿಯ ಮೇಲೆ ನಾಲ್ವರು ಚಲನಚಿತ್ರ ನೋಡುತ್ತಿರುವಾಗ ಒಳಗೆ ಮುದುಕಿಯೊಬ್ಬಳ ಪಿಂಚಣಿಯ ಅರ್ಜಿ ಅರ್ಧಕ್ಕೆ ನಿಂತಿರುತ್ತದೆ. ಗಿರಾಕಿಗಳಿಗೆ ಕೊಡಲೇಬೇಕೆಂದಿದ್ದರೆ ರೌಟರಿನಲ್ಲಿ ಅತಿಥಿ ಜಾಲವನ್ನು ಬೇರೆಯಾಗಿ ಏರ್ಪಡಿಸಬೇಕು.

ಒಂದು ನಿರ್ದಿಷ್ಟ ಸರ್ಕಾರಿ ತಾಣವು ತೆರೆಯದೆ ಉಳಿದ ತಾಣಗಳೆಲ್ಲ ತೆರೆಯುತ್ತಿದ್ದರೆ ದೋಷವು ಆ ತಾಣದ್ದೇ. ಅಂಗಡಿಯವನು ಬೇರೆ ಕಂಪನಿಯ ಸಿಮ್ಮಿನ ಹಾಟ್‌ಸ್ಪಾಟಿನಿಂದಲೂ ಒಮ್ಮೆ ನೋಡಿ ಇದನ್ನು ಖಚಿತಪಡಿಸಿಕೊಳ್ಳಬಹುದು. ಬೆಟ್ಟದ ಮರೆಯಲ್ಲಿರುವ ಊರುಗಳಲ್ಲಿ ಯಾವ ಕಂಪನಿಯ ಗೋಪುರ ಯಾವ ಮೂಲೆಗೆ ಕಾಣುವುದೆಂಬುದು ಊರವರಿಗೇ ಗೊತ್ತು. ಅಂಗಡಿಯ ಆ ಮೂಲೆಯನ್ನು ಮೊದಲೇ ಗುರುತಿಸಿಟ್ಟಿರಬೇಕು.

ಕಡೆಯದಾಗಿ, ಒಂದು ಇಪ್ಪತ್ತು ರೂಪಾಯಿಯ ನೋಟುಪುಸ್ತಕ. ನೆಟ್ ಹೋದ ದಿನ, ಗಂಟೆ, ಉರಿಯುತ್ತಿದ್ದ ದೀಪದ ಬಣ್ಣ, ಮಳೆಯಿತ್ತೇ ಇಲ್ಲವೇ, ಎಲ್ಲ ಯಂತ್ರಗಳಲ್ಲಿಯೂ ಹೋಯಿತೇ ಒಂದರಲ್ಲಿಯೇ ಎಂಬಿಷ್ಟನ್ನು ಬರೆದಿಡಬೇಕು. ಒಂದು ತಿಂಗಳಲ್ಲಿ ಪುಟಗಳೇ ಮಾತಾಡುತ್ತವೆ: ಮಳೆಯ ದಿನಗಳಲ್ಲಿ ಮಾತ್ರ ಹೋಗಿದ್ದರೆ ಎಲ್ಲಿಯೋ ಜೋಡಣೆಗೆ ನೀರು ಇಳಿಯುತ್ತಿದೆ, ಪ್ರತಿ ಸಂಜೆ ಒಂದೇ ಹೊತ್ತಿಗೆ ನಿಧಾನವಾದರೆ ಬಳಸುವವರ ಸಂಖ್ಯೆ ಹೆಚ್ಚಿದೆ, ಒಂದೇ ಯಂತ್ರವಾದರೆ ರೌಟರನ್ನು ಮುಟ್ಟುವ ಕಾರಣವೇ ಇಲ್ಲ. ದುರಸ್ತಿಗೆ ಬಂದ ಹುಡುಗನ ಮುಂದೆ ಈ ಪುಸ್ತಕವನ್ನು ತೆರೆದಿಟ್ಟರೆ ಅವನು ಕಂಬ ಹತ್ತಬೇಕೋ ಪೆಟ್ಟಿಗೆ ಬದಲಿಸಬೇಕೋ ಎಂಬುದು ಬಾಗಿಲಲ್ಲಿಯೇ ತೀರ್ಮಾನವಾಗುತ್ತದೆ.